ಹೆಣ ಭಾವನದು, ದನಿ ಪರಮಣ್ಣನದು

ಸುರಪುರದಲ್ಲಿ ಪರಮಣ್ಣನ ಮುಖ ಬಲ್ಲವರು ಒಂದು ಓಣಿಯಷ್ಟು, ದನಿ ಬಲ್ಲವರು ಇಡೀ ಊರು. ಮೂವತ್ತೊಂದು ವರ್ಷದಿಂದ ಅವನು ಆಟೋದ ಹಿಂದಿನ ಸೀಟಿನಲ್ಲಿ ಕೂತು, ನೆತ್ತಿಯ ಮೇಲೆ ಲೌಡ್‌ಸ್ಪೀಕರಿನ ಭೋಂಗಾ ಕಟ್ಟಿಸಿಕೊಂಡು, ಕೈಯಲ್ಲಿ ಮೈಕು ಹಿಡಿದು ಊರಿನ ಸುದ್ದಿಯನ್ನು ಊರಿಗೇ ಹೇಳುತ್ತ ಬಂದವನು. ನಾಳೆ ನಳಕ್ಕೆ ನೀರು ಬರುವುದಿಲ್ಲ, ಭಾನುವಾರ ಪೋಲಿಯೋ ಹನಿ, ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಸೀರೆಗೊಂದು ಸೀರೆ ಪುಕ್ಕಟೆ, ಬಿಳಿ ಕಿವಿಯ ಕರಿ ಆಡು ಕಳೆದಿದೆ, ಸಿಕ್ಕವರು ಕೊಯ್ಯುವ ಮುಂಚೆ ದಯವಿಟ್ಟು ತಿಳಿಸಬೇಕು. ಮತ್ತು ಸಾವು. ಸುರಪುರದಲ್ಲಿ ಯಾರೇ ಸತ್ತರೂ ಪರಮಣ್ಣನ ಬಾಯಿಂದ ಹೊರಬಿದ್ದ ಮೇಲೆಯೇ ಅದು ಪಕ್ಕಾ. ಅಲ್ಲಿಯವರೆಗೆ ಸತ್ತವನಿಗೂ ಒಂದು ಸಣ್ಣ ಆಸೆ ಇರುತ್ತದೆ.

ದನಿ ಇಷ್ಟು ದೊಡ್ಡದಿದ್ದರೂ ಅವನು ದಣಿ ಆಗಲಿಲ್ಲ. ‘ನ’ ಇದ್ದದ್ದು ‘ಣ’ ಆಗಬೇಕಾದರೆ ಎಷ್ಟು ಎಕರೆ ಬೇಕೆಂಬುದು ಆ ಕಡೆಯ ಜನಕ್ಕೆ ಗೊತ್ತು. ಪರಮಣ್ಣನ ಪಾಲಿಗೆ ಬಂದದ್ದು ದಣಿಯುವುದು ಮಾತ್ರ. ಕೊಂಕಲ್‌ನಲ್ಲಿ ಹುಟ್ಟಿ, ಹತ್ತನೆಯ ಇಯತ್ತೆಯ ಗಣಿತಕ್ಕೆ ಎರಡು ಸಲ ಸೋತು, ಸುರಪುರದ ಟಾಕೀಜಿನಲ್ಲಿ ಪೋಸ್ಟರ್ ಅಂಟಿಸುವ ಕೆಲಸಕ್ಕೆ ಸೇರಿದವನು. ವಾರವಾರ ಹೊಸ ಪಿಕ್ಚರ್ ಬಂದಾಗ ಟಾಂಗಾದಲ್ಲಿ ಕೂತು ಊರಿಗೆ ಸಾರುತ್ತಿದ್ದ. ಆ ಟಾಕೀಜು ಈಗ ಕಲ್ಯಾಣ ಮಂಟಪವಾಗಿದೆ. ಮೂರು ಗಂಟೆಯ ಕಥೆ ಹೋಗಿ ಮೂರು ಗಂಟಿನ ಕಥೆ ನಡೆಯುತ್ತದೆ. ಟಾಂಗಾದ ಜಾಗಕ್ಕೆ ಅಯ್ಯಣ್ಣನ ಆಟೋ ಬಂತು. ದನಿ ಮಾತ್ರ ಅದೇ ಉಳಿಯಿತು.

ಆ ಕಸುಬಿಗೆ ಎರಡು ಕಟ್ಟಳೆ. ಮೊದಲನೆಯದು, ಯಾವುದನ್ನೂ ಎರಡು ಸಲ ಹೇಳಬೇಕು. ಆಟೋ ಓಡುತ್ತಿರುತ್ತದೆ, ಮೊದಲರ್ಧ ಕೇಳಿದವನಿಗೆ ಎರಡನೆಯರ್ಧ ಸಿಗುವುದಿಲ್ಲ. ಎರಡನೆಯದು, ಮೈಕಿನಲ್ಲಿ ‘ನಾನು’ ಅನ್ನಬಾರದು. ತಿಳಿಯಪಡಿಸಲಾಗಿದೆ, ವಿನಂತಿಸಲಾಗಿದೆ, ವಿಷಾದಿಸಲಾಗಿದೆ. ಯಾರು ವಿಷಾದಿಸಿದರು ಎಂದು ಯಾರೂ ಕೇಳುವುದಿಲ್ಲ. ಶಾಲೆಯಲ್ಲಿ ವ್ಯಾಕರಣದ ಮಾಸ್ತರರು ಕಲಿಸಿದ ಕರ್ಮಣಿ ಪ್ರಯೋಗವೇ ಪರಮಣ್ಣನ ಕರ್ಮವಾಯಿತು.

ಮನೆಯಲ್ಲಿ ಅಷ್ಟು ಮಾತೂ ಇರಲಿಲ್ಲ. ಹೊಸ್ತಿಲು ದಾಟಿದ ಕೂಡಲೇ ಅವನ ದನಿ ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತಿತ್ತು. ಹೆಂಡತಿ ಭೀಮಮ್ಮ ನೆರೆಯವಳೊಡನೆ ಹೇಳುವುದಿತ್ತು, “ಊರಿಗೆಲ್ಲಾ ಕೂಗಿ ಬರ್ತಾರವ್ವ, ಮನಿಗಿ ಬಂದ್ರ ಬ್ಯಾಟರಿ ಡೌನ್. ಸಾರಿಗಿ ಉಪ್ಪು ಕಡಿಮಿ ಆಗ್ಯಾದ ಅಂತ ಹೇಳಾಕ ಮೂರು ತುತ್ತು ತಡಾ ಮಾಡ್ತಾರ.”

ಹೀಗಿದ್ದ ಪರಮಣ್ಣ ಕಳೆದ ಫೆಬ್ರವರಿಯಲ್ಲಿ ತನ್ನ ಹೆಂಡತಿಯ ಅಣ್ಣನನ್ನು ಕೊಂದ. ಹಾಗಂತ ಊರು ಹೇಳುತ್ತದೆ.

ಭೀಮಮ್ಮನ ಅಣ್ಣ ಹಣಮಂತ್ರಾಯ ಸುರಪುರದ ಪಕ್ಕದ ದೇವಾಪುರದಲ್ಲಿ ಒಕ್ಕಲುತನ ಮಾಡುವವನು. ಜನವರಿಯಲ್ಲಿ ಎದೆ ನೋವೆಂದು ಎರಡು ದಿನ ಕಲಬುರಗಿಯ ದವಾಖಾನೆಯಲ್ಲಿದ್ದು ಬಂದಿದ್ದ. ಒಂದು ಮುಂಜಾನೆ ಎಂಟಕ್ಕೆ ಪರಮಣ್ಣನ ಫೋನು ಬಡಿದುಕೊಂಡಿತು. ಅತ್ತ ಕಡೆ ಹಣಮಂತ್ರಾಯನ ನೆರೆಯ ಬಸವಂತ, ಹಿಂದೆ ಗಾಳಿಯ ಸದ್ದು.

“ಪರಮಣ್ಣೋರ, ಹಣಮಂತ್ರಾಯ ಹೋಗ್ಯಾನ್ರಿ. ನಸುಕಿನ್ಯಾಗ ಹೋಗ್ಯಾನ. ಇವತ್ತ ಸುರಪುರಕ್ಕ ಬರಾವಿದ್ದ ನೋಡ್ರಿ, ದಾರಿ ನೋಡಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳಿಬಿಡ್ರಿ—” ಅಷ್ಟಕ್ಕೆ ಲೈನು ಕಟ್ಟಾಯಿತು.

‘ಹೋಗ್ಯಾನ’. ಸಂತೆಗೆ ಹೋದವನೂ ಹೋಗ್ಯಾನ, ಹೊಲಕ್ಕೆ ಹೋದವನೂ ಹೋಗ್ಯಾನ, ಮತ್ತೆ ಬಾರದ ಕಡೆ ಹೋದವನೂ ಹೋಗ್ಯಾನ. ಯಾರು ಎಲ್ಲಿಗೆ ಹೋದರು ಎಂಬುದನ್ನು ಹೇಳುವವನ ಮೋರೆ ನೋಡಿ ತಿಳಿಯಬೇಕು, ಫೋನಿನಲ್ಲಿ ಮೋರೆ ಇರುವುದಿಲ್ಲ. ಹಣಮಂತ್ರಾಯ ಹೋದದ್ದು ಯಾದಗಿರಿ ಹತ್ತಿರದ ಮುದನಾಳಕ್ಕೆ, ಒಂದು ಎತ್ತು ನೋಡಲಿಕ್ಕೆ. ಎದೆ ನೋವು ನೆನಪಿದ್ದ ಪರಮಣ್ಣನ ಕಿವಿ ಅವನನ್ನು ಬೇರೆ ಕಡೆಗೇ ಕಳಿಸಿತು.

ಮುಕ್ಕಾಲು ತಾಸಿನಲ್ಲಿ ಭೋಂಗಾ ಊರು ತಿರುಗುತ್ತಿತ್ತು. “ದೇವಾಪುರದ ಶ್ರೀ ಹಣಮಂತ್ರಾಯ, ವಯಸ್ಸು ಅರವತ್ತೆಂಟು, ಇವರು ಇಂದು ಬೆಳಗಿನ ಜಾವ ಅಲ್ಪಕಾಲದ ಅನಾರೋಗ್ಯದಿಂದ ನಿಧನರಾಗಿರುತ್ತಾರೆಂದು ತಿಳಿಸಲು ವಿಷಾದಿಸಲಾಗಿದೆ. ಇನ್ನೊಮ್ಮೆ ಕೇಳ್ರಿ…”

ಭೀಮಮ್ಮ ಆಗ ಹಿಟ್ಟಿನ ಗಿರಣಿಯಲ್ಲಿದ್ದಳು. ಅಣ್ಣ ಸತ್ತದ್ದನ್ನು ಗಂಡನ ದನಿಯಲ್ಲೇ ಕೇಳಿದಳು, ಆದರೆ ಗಂಡನ ಬಾಯಿಂದಲ್ಲ. ಭೋಂಗಾದಿಂದ, ಎರಡು ಸಲ. ಡಬ್ಬಿ ಅಲ್ಲೇ, ಚಪ್ಪಲಿ ಅಲ್ಲೇ. ಬರಿಗಾಲಲ್ಲಿ ಓಡಿ, ಅರ್ಧ ದಾರಿ ಯಾರದೋ ಟಂಟಂ ಆಟೋ ಹತ್ತಿ, ದೇವಾಪುರ ಕ್ರಾಸಿನಲ್ಲಿ ಇಳಿಯುವಾಗ ಬಿದ್ದು, ಮೊಣಕಾಲು ತರಚಿಕೊಂಡು ತವರು ಮುಟ್ಟಿದಳು. ಮನೆಗೆ ಬೀಗ. ಅಣ್ಣನ ಹೆಂಡತಿ ದುರ್ಗಾದೇವಿ ಹೊಲಕ್ಕೆ ಹೋಗಿದ್ದಳು. ಬೀಗ ಹಾಕಿದ ಬಾಗಿಲ ಮುಂದೆ ಹೂವಿನ ಹಾರ ಹಿಡಿದ ಮಂದಿ ಸೇರತೊಡಗಿದರು. ಹತ್ತೂವರೆಗೆ ಒಂದು ಟೆಂಪೋ ಬಂತು. ಹಿಂದೆ ಎತ್ತು, ಮುಂದೆ ಹಣಮಂತ್ರಾಯ. ಇಳಿದವನು ಮಂದಿಯನ್ನು ನೋಡಿ ಗಾಬರಿಯಾಗಿ ಕೇಳಿದ, “ಯಾರ್ ಹೋಗ್ಯಾರೋ?”

ಮಂದಿ ಕೈಯಲ್ಲಿದ್ದ ಹಾರಗಳನ್ನು ಬೆನ್ನ ಹಿಂದೆ ಸರಿಸಿದರು.

ಎಲ್ಲ ತಿಳಿದ ಮೇಲೆ ಅವನು ತಂಗಿಯ ಮೊಣಕಾಲಿಗೆ ಒದ್ದೆ ಬಟ್ಟೆ ಹಿಡಿದು ಹೇಳಿದನಂತೆ, “ಸಾಯಿಸಿದ್ದಕ್ಕ ನನಗ ಸಿಟ್ಟಿಲ್ಲ. ಏಳು ವರ್ಷ ವಯಸ್ಸು ಹೆಚ್ಚಿಗಿ ಹೇಳ್ಯಾನ, ಅದಕ್ಕೂ ಸಿಟ್ಟಿಲ್ಲ. ನನ್ ತಂಗಿಗಿ ಬಾಯಿಬಿಟ್ಟು ಹೇಳಲಿಲ್ಲ ನೋಡು, ಸೀರಿ ಅಂಗಡಿ ಸುದ್ದಿ ಹೇಳಿದಂಗ ಭೋಂಗಾದಾಗ ಹೇಳ್ಯಾನ. ಅವನ ಹೊಸ್ತಲಾ ನಾ ತುಳ್ಯಂಗಿಲ್ಲ.”

ಪರಮಣ್ಣ ಎರಡು ಸಲ ದೇವಾಪುರಕ್ಕೆ ಹೋದ. ಮೊದಲ ಸಲ ಭಾವನ ಬೆನ್ನು ಮಾತ್ರ ಕಂಡಿತು. ಎರಡನೆಯ ಸಲ ಧೈರ್ಯ ಮಾಡಿ ಬಾಯಿ ತೆರೆದ. ಬಾಯಿಗೆ ಬಂದದ್ದು ಮೂವತ್ತೊಂದು ವರ್ಷದ ರೂಢಿ: “ತಪ್ಪಾಗಿರುತ್ತದೆ. ಕ್ಷಮಿಸಬೇಕೆಂದು ವಿನಂತಿಸಲಾಗಿದೆ.” ಹಣಮಂತ್ರಾಯ ಹೆಂಡತಿಯ ಕಡೆ ತಿರುಗಿ, “ವಿನಂತಿ ಯಾರ್ ಮಾಡಾಕತ್ಯಾರ ಕೇಳು. ಇವನಾ, ಮುನ್ಸಿಪಾಲ್ಟಿನಾ?” ಎಂದ.

ಊರೂ ಬಿಡಲಿಲ್ಲ. ಸಾವಿನ ಸುದ್ದಿ ಕೊಡಲು ಬಂದವರಿಗೆ ಚಹಾದಂಗಡಿಯವರು, “ನಾಡಿ ಹಿಡದು ನೋಡೀರೇನ್ರಿ? ಪರಮಣ್ಣ ಒಮ್ಮಿ ಹೇಳಿದ ಮ್ಯಾಲ ವಾಪಸ್ ಬರಾಕ ಭಾಳ ತ್ರಾಸ್ ಅದ” ಎಂದು ಚೇಷ್ಟೆ ಮಾಡಿದರು. ಪರಮಣ್ಣ ಸಾವು ಹೇಳುವುದನ್ನು ನಿಲ್ಲಿಸಿದ. ‘ಹೋಗ್ಯಾನ’ ಎಂಬ ಮಾತನ್ನೂ ಬಿಟ್ಟ. ಯಾರನ್ನಾದರೂ ಕೇಳಿಕೊಂಡು ಬಂದರೆ “ಬಸ್ ಹತ್ಯಾನ”, “ಊರಾಗಿಲ್ಲ”, “ಮೂತ್ರಕ್ಕ ಎದ್ದಾನ, ಜೀವಂತ ಅದಾನ” ಎಂದು ವಿವರವಾಗಿ ಹೇಳುತ್ತಿದ್ದ.

ಇದೆಲ್ಲ ತಡೆದುಕೊಳ್ಳಬಹುದಿತ್ತು. ನಾಗರ ಪಂಚಮಿ ಬರುವುದೊಂದನ್ನು ತಡೆಯಲಾಗಲಿಲ್ಲ. ಮದುವೆಯಾದಾಗಿನಿಂದ ಪ್ರತಿ ವರ್ಷ ಪಂಚಮಿಗೆ ಮೂರು ದಿನ ಮುಂಚೆ ಹಣಮಂತ್ರಾಯ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುತ್ತಿದ್ದ. ಮೊದಲು ಸೈಕಲ್ಲು, ಆಮೇಲೆ ಮೋಟಾರ್ ಸೈಕಲ್ಲು. ಒಂದು ವರ್ಷವೂ ತಪ್ಪಿರಲಿಲ್ಲ. ಭೀಮಮ್ಮ ಜಗಳ ಮಾಡಲಿಲ್ಲ, ಅದೇ ಪರಮಣ್ಣನಿಗೆ ಹೆದರಿಕೆ. ಆಷಾಢ ಮುಗಿಯುವ ಹೊತ್ತಿಗೆ ರೊಟ್ಟಿ ಬಡಿಯುತ್ತ ಒಂದೇ ಮಾತು ಅಂದಳು, “ಅಣ್ಣ ಕರಿಯಾಕ ಬರ್ಲಿಲ್ಲಂದ್ರ ನಾ ಹೋಗಂಗಿಲ್ಲ. ಕರೀಲಾರದ ಮನಿಗಿ ಹ್ಯಾಂಗ ಹೋಗ್ಲಿ?” ಆಮೇಲೆ ಇನ್ನೊಂದು ರೊಟ್ಟಿ ಹಂಚಿಗೆ ಹಾಕಿದಳು.

ಆ ದಿನಗಳಲ್ಲೇ ಅಂಜನಾ ಬಂದದ್ದು. ಹಣಮಂತ್ರಾಯನ ಮಗಳು. ಯಾದಗಿರಿಯ ಫೋಟೋ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಮಿಕ್ಸಿಂಗ್ ಮಾಡುವವಳು. ಜಿಲ್ಲೆಯ ನೂರಾರು ವಧುಗಳ ಮೊಡವೆ ಅಳಿಸಿದ ಕೈ. ಅಪ್ಪನ ಸಿಟ್ಟಿಗೂ ತನಗೂ ಸಂಬಂಧವಿಲ್ಲ ಎಂಬಂತೆ ಸೋದರತ್ತೆಯ ಮನೆಗೆ ಬಂದು ಹೋಗುತ್ತಿದ್ದಳು.

“ಮಾಮಾ, ನಾ ಒಂದು ಸಣ್ಣ ಪಿಕ್ಚರ್ ತೆಗ್ಯಾಕತ್ತೀನಿ. ನಿನ್ ವಾಯ್ಸ್ ಬೇಕು. ವಾಯ್ಸ್ ಓವರ್.”

“ಗೊತ್ತದವ್ವ” ಎಂದ ಪರಮಣ್ಣ. “ಫೆಬ್ರವರಿದಾಗ ಓವರ್ ಆಗ್ಯಾದ.”

“ಅಯ್ಯ, ಹಂಗಲ್ಲ. ಪಿಕ್ಚರಿನ್ಯಾಗ ಮನಷಾ ಕಾಣ್ತಿರ್ತಾನ, ಬಾಯಿ ಮುಚ್ಚಿರ್ತದ. ಅವನ ಮನಸಿನ ಮಾತು ಹಿಂದಿಂದ ಕೇಳಿಸ್ತದಲ್ಲ, ಅದು. ಇದು ನುವಾರ್ ಪಿಕ್ಚರ್ ಮಾಮಾ, ಕರೀ ನೆಳ್ಳಿನ ಕೊಲಿ ಕಥಿ, ಅದಕ್ಕ ಅದು ಬೇಕ ಬೇಕು.”

ಅಡುಗೆಮನೆಯಿಂದ ಭೀಮಮ್ಮ ಕೂಗಿದಳು, “ನವಾರಾ? ಮಂಚದ ನವಾರ ಸಡ್ಲಾಗ್ಯಾದ ನೋಡು, ಹೆಂಗೂ ಬಂದಿ, ಬಿಗದು ಹೋಗು.”

ಅಂಜನಾ ಲ್ಯಾಪ್‌ಟಾಪ್ ತೆರೆದು ಹಳೆಯ ಕಪ್ಪು-ಬಿಳುಪು ಇಂಗ್ಲಿಷ್ ಸಿನಿಮಾಗಳ ತುಣುಕು ತೋರಿಸಿದಳು. ಎಲ್ಲ ಒಂದೇ ಹವಾಮಾನ. ಮಳೆ, ಟೋಪಿ, ಸಿಗರೇಟು, ಗೋಡೆಯ ಮೇಲೆ ಉದ್ದನೆಯ ನೆರಳು. ಟೋಪಿಯವನು ಮೆಟ್ಟಿಲು ಹತ್ತುವಾಗ ಅವನದೇ ದನಿ ಹಿಂದಿನಿಂದ ಏನೋ ಗೊಣಗುತ್ತದೆ. ಅಂಜನಾ ಕನ್ನಡ ಮಾಡಿ ಹೇಳಿದಳು, “ಆ ದಿನ ಆ ಬಾಗಲಾ ತೆಗೀಬಾರ್ದಿತ್ತು ಅನ್ನಾಕತ್ಯಾನ.” ಅಷ್ಟರಲ್ಲಿ ಅವನು ಬಾಗಿಲು ತೆಗೆದೇಬಿಟ್ಟ. ಒಳಗೊಬ್ಬಳು ಚೆಲುವೆ, ಅವಳ ಕೈಯಲ್ಲಿ ಪಿಸ್ತೂಲು.

ಪರಮಣ್ಣ ಲೊಚಗುಟ್ಟಿದ. “ಪಾಪ, ಎಲ್ಲಾ ತಿಳೀತದ, ತಡಾ ಮಾಡಿ ತಿಳೀತದ. ನಮ್ಮ ಕಸುಬಿನಂವ ಇದ್ದಂಗ ಅದಾನ.”

ಬಾಗಿಲಿಗೆ ಒರಗಿ ನೋಡುತ್ತಿದ್ದ ಭೀಮಮ್ಮ ಬೇರೆಯದೇ ಕಂಡಳು. “ಹಾಡಿಲ್ಲ, ಏನಿಲ್ಲ, ಬರೀ ಹೊಗಿ. ಹಸಿ ಕಟಗಿ ಒಲಿ ಮುಂದ ಕುಂತಂಗ. ಅಲ್ಲವ್ವ ಅಂಜು, ಈ ಗಂಡಸು ತನ್ನ ಒಳಗ ಎಷ್ಟ್ ಮಾತಾಡ್ತಾನ ನೋಡು! ಎದುರಿಗಿರೋ ಹೆಣ್ಮಗಳಿಗಿ ಮಾತ್ರ ಒಂದ ಮಾತು ಹೇಳಂಗಿಲ್ಲ.”

ಹೇಳಿ ಒಳಗೆ ಹೋದಳು. ಪರಮಣ್ಣ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯಲಿಲ್ಲ, ಅದರಲ್ಲಿ ಏನೂ ಓಡುತ್ತಿರಲಿಲ್ಲವಾದರೂ.

“ನಮ್ಮ ಕಡಿ ಮಳಿ ಎಲ್ಲಿ ತರ್ತಿ?” ಎಂದು ಆಮೇಲೆ ಕೇಳಿದ.

“ಮಳಿ ಬ್ಯಾಡ, ರಾತ್ರೀನೂ ಬ್ಯಾಡ. ನಾ ನಡು ಮಧ್ಯಾನದಾಗ ತೆಗದೀನಿ. ನೆಳ್ಳು ಮಧ್ಯಾನದಾಗೂ ಕರ್ರಗ ಇರ್ತದ ಮಾಮಾ. ಒಬ್ಬ ಹತ್ತಿ ವ್ಯಾಪಾರಿ ಬೇವಿನ ಗಿಡದ ಬುಡಕ್ಕ ಹೊರಸಿನ ಮ್ಯಾಲ ಸತ್ತು ಬಿದ್ದಾನ. ಅವನ ಕಥಿ ಅವನ ದನೀನ ಹೇಳ್ತದ, ಯಾರ್ ಕೊಂದ್ರು ಅಂತ.”

“ಸತ್ತವ ಹ್ಯಾಂಗ ಮಾತಾಡ್ತಾನವ್ವ?”

“ಅದಕ್ಕ ನಿನ್ ಹಂತೇಲಿ ಬಂದೀನಿ. ಸತ್ತವರ ಕಡಿಂದ ಮಾತಾಡಿ ರೂಢಿ ಇದ್ದಂವ ಈ ಜಿಲ್ಲಾದಾಗ ಮತ್ಯಾರದಾರ?”

ಪಂಚಮಿಗೆ ಇನ್ನು ಎಂಟು ದಿನ ಇರುವಾಗ ಪರಮಣ್ಣ ಶಹಾಪುರದ ಮೇಲೆ ಯಾದಗಿರಿಗೆ ಹೋಗುವ ಬಸ್ಸು ಹತ್ತಿದ. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಗುಡ್ಡ ಎಂದಿನಂತೆ ಅಂಗಾತ ಮಲಗಿತ್ತು. ಯಾರೂ ಅದನ್ನು ಸತ್ತಿದೆ ಅನ್ನುವುದಿಲ್ಲ ಎಂದು ಪರಮಣ್ಣನಿಗೆ ಹೊಟ್ಟೆಕಿಚ್ಚಾಯಿತು.

ಸ್ಟುಡಿಯೋದ ಮಾಳಿಗೆಯ ಮೇಲೆ ಒಂದು ಸಣ್ಣ ಕೋಣೆ. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆ ತತ್ತಿಯ ಟ್ರೇ, ಬಾಗಿಲಿಗೆ ಕೌದಿ. ಫ್ಯಾನು ಹಾಕಿದರೆ ಮೈಕಿಗೆ ಕೇಳುತ್ತದೆಂದು ಫ್ಯಾನೂ ಬಂದ್. ಅಂಜನಾ ಬರೆದುಕೊಟ್ಟ ಹಾಳೆಯ ಮೊದಲ ಸಾಲು ‘ನಾನು ಸತ್ತಿದ್ದೇನೆ’. ಪರಮಣ್ಣ ಗಂಟಲು ಸರಿಮಾಡಿಕೊಂಡು ಶುರುಮಾಡಿದ.

“ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ—”

“ಮಾಮಾ, ಸಾರ್ವಜನಿಕರು ಇಲ್ಲ.”

“ಹತ್ತಿ ವ್ಯಾಪಾರಿಯಾದವರು ಸತ್ತಿರುತ್ತಾರೆ. ಇನ್ನೊಮ್ಮೆ ಕೇಳ್ರಿ—”

“ಮಾಮಾ! ಒಮ್ಮಿ ಸತ್ರ ಸಾಕು. ಮತ್ತ ‘ನಾನು’ ಎಲ್ಲಿ ಹೋಯ್ತು?”

ಅದೇ ತೊಡಕು. ಮೈಕು ಎದುರಿಗಿದ್ದರೆ ‘ನಾನು’ ಅವನ ನಾಲಿಗೆಗೆ ಬರುತ್ತಿರಲಿಲ್ಲ, ಬಂದರೂ ಬಾಗಿಲಲ್ಲೇ ನಿಲ್ಲುತ್ತಿತ್ತು. ಒಂಬತ್ತು ಸಲ ಆಯಿತು. ಅಂಜನಾ ಪುಸ್ತಕದ ಮಾತು ಬಿಟ್ಟು ನಮ್ಮ ಮಾತಿನಲ್ಲೇ ಹೇಳು ಎಂದಳು. ಪರಮಣ್ಣ ಬೆವರು ಒರೆಸಿಕೊಂಡು ಹೇಳಿದ, “ನಾ ಸತ್ತೀನಿ.”

ಅಂಜನಾಗೆ ನಗು ತಡೆಯಲಾಗಲಿಲ್ಲ. ಯಾದಗಿರಿ ಸೀಮೆಯಲ್ಲಿ ಫೆಬ್ರವರಿಯಿಂದಲೇ ಎಲ್ಲರೂ ಸತ್ತಿರುತ್ತಾರೆ. ಬಸ್ಸಿಳಿದವನು ‘ಬಿಸಲಾಗ ಸತ್ತೀನಿ’ ಅನ್ನುತ್ತಾನೆ, ಬಟ್ಟೆ ಒಗೆದವಳು ‘ಸೊಂಟ ಹಿಡದು ಸತ್ತೀನಿ’ ಅನ್ನುತ್ತಾಳೆ. ಆ ಮಾತು ಕೇಳಿದವರು ಹೆಣ ಹುಡುಕುವುದಿಲ್ಲ, ತಂಬಿಗೆ ಹುಡುಕುತ್ತಾರೆ. ಕೊಲೆಯಾದವನ ಮೊದಲ ಮಾತು ನೀರು ಕೇಳಿದಂತಾದರೆ ಕಥೆ ಮುಂದೆ ಹೋಗುವುದು ಹೇಗೆ?

“ಚಿತ್ರ ನೋಡ್ಕೋತ ಹೇಳು ಮಾಮಾ, ಭಾವ ತಾನ ಬರ್ತದ” ಎಂದು ಅಂಜನಾ ಪರದೆ ಹಚ್ಚಿದಳು.

ಭಾವ ನಿಜಕ್ಕೂ ಬಂದ. ಬೇವಿನ ನೆರಳು, ಹೊರಸು, ಅದರ ಮೇಲೆ ಕಣ್ಣು ಮುಚ್ಚಿ ಅಂಗಾತ ಬಿದ್ದ ಹಣಮಂತ್ರಾಯ. ಮೀಸೆಯ ಮೇಲೆ ನೊಣ ಕೂತಿದ್ದರೂ ಅಲುಗಾಡಿರಲಿಲ್ಲ. ಒಂದು ಕೈ ಕೆಳಗೆ ಜೋತುಬಿದ್ದಿತ್ತು.

“ನಿಮ್ಮಪ್ಪ!” ಪರಮಣ್ಣನ ದನಿ ಸಣ್ಣಗಾಯಿತು.

“ರೊಕ್ಕಾ ಕೇಳಲಾರದ ಹೆಣ ನನಗ ಬ್ಯಾರೆ ಎಲ್ಲಿ ಸಿಗ್ತದ? ಒಂದ ಮಾತಿಗಿ ಒಪ್ಪಿದ. ‘ಒಮ್ಮಿ ಸತ್ತು ರೂಢಿ ಅದ ತಗೋ’ ಅಂದ.”

“ನನ್ ದನಿ ಅಂತ ಗೊತ್ತದಾ ಅವಂಗ?”

“ಹೇಳಿದ್ರ ಹೆಣ ಎದ್ದು ಹೋಗ್ತಿತ್ತು.”

ಪರಮಣ್ಣ ಪರದೆಯ ಹತ್ತಿರ ಬಾಗಿದ. ಅಂದು ತಾನು ಊರ ತುಂಬ ಸಾರಿದ್ದು ಹೀಗೇ ಕಾಣುತ್ತಿತ್ತು, ನಿಜವಾಗಿದ್ದಿದ್ದರೆ. ಹಾಳೆಯನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡ. “ಅಂಜು, ಇದು ಬಿಟ್ಟು ಹೇಳ್ಲೇನವ್ವ?” ಎಂದ. ಅಂಜನಾ ರೆಕಾರ್ಡಿಂಗ್ ಗುಂಡಿ ಒತ್ತಿದಳು.

“ನಾ ಹಣಮಂತ್ರಾಯ. ದೇವಾಪುರದಂವ. ವಯಸ್ಸು ಅರವತ್ತೊಂದು. ನನ್ನ ಕೊಂದವ ಯಾರಂತ ಊರಿಗೆಲ್ಲಾ ಗೊತ್ತದ. ನನ್ ತಂಗಿ ಗಂಡ. ಕೈಯಾಗ ಚಾಕು ಇರ್ಲಿಲ್ಲ, ಮೈಕ್ ಇತ್ತು. ನಾ ಮುದನಾಳದಾಗ ಎತ್ತಿನ ಹಲ್ಲು ನೋಡಾಕತ್ತಿದ್ದೆ, ಇಂವ ಸುರಪುರದಾಗ ನನ್ನ ಮಣ್ಣಿನ ಟೈಂ ಹೇಳಾಕತ್ತಿದ್ದ.

“ಇಂವ ಕೆಟ್ಟವ ಅಲ್ಲ. ಅಂಜುಬುರಕ. ಫೋನ್ ಬಂದ ಮ್ಯಾಲ ಮೊದಲ ಎಲ್ಲಿಗಿ ಹೋದ ಗೊತ್ತದಾ? ಆಟೋಕ್ಕ ಅಲ್ಲ. ಗಿರಣಿಗಿ. ನನ್ ತಂಗಿ ಡಬ್ಬಿ ಮ್ಯಾಲ ಕುಂತು ಗೆಳತೇರ ಜೋಡಿ ನಗಾಕತ್ತಿದ್ಳು. ಇಂವ ಮೂಲ್ಯಾಗ ನಿಂತು ನೋಡ್ದ. ಆ ನಗಿ ನಿಂದ್ರಸಾಕ ಇವನ ಕೈಲೆ ಆಗ್ಲಿಲ್ಲ. ಮಂದಿ ಮನಿ ಸಾವು ಸಾವಿರ ಹೇಳಿದ ಬಾಯಿ, ತನ್ನ ಮನಿದು ಒಂದ ಹೇಳಾಕ ಬರ್ಲಿಲ್ಲ. ತಿರಿಗಿ ಬಂದು ಆಟೋ ಹತ್ತಿದ. ಒಬ್ಬಾಕಿಗಿ ಹೇಳೋ ಮಾತು ಊರಿಗಿ ಹೇಳ್ದ. ಊರಿಗಿ ಹೇಳೋದು ಭಾಳ ಹಗೂರ. ಊರು ನಿನ್ ಮಾರಿ ನೋಡಂಗಿಲ್ಲ.

“ಆಕಿ ಬರಿಗಾಲಾಗ ಓಡ್ಯಾಳ. ಮೊಣಕಾಲಿನ ಕಲೆ ಇನ್ನಾ ಹೋಗಿಲ್ಲ. ಇಂವ ದಿನಾ ನೋಡ್ತಾನ, ನೋಡಿ ಸುಮ್ನಿರ್ತಾನ. ಇವಂಗ ಏನ್ ಶಿಕ್ಷಾ ಕೊಡ್ಬೇಕೋ ನನಗ ತಿಳ್ಯಂಗಿಲ್ಲ. ಆದ್ರ ನಾ ಪಂಚಮಿಗಿ ಹೋಗ್ಲಿಲ್ಲಂದ್ರ ಶಿಕ್ಷಾ ಇವಂಗ ಆಗಂಗಿಲ್ಲ. ಆಕಿಗಿ ಆಗ್ತದ. ಆಕಿ ಏನ್ ಮಾಡ್ಯಾಳ?”

ದನಿ ನಿಂತಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವನು ಮೈಕಿಗೆ ಒಂದೇ ಸಲ ಹೇಳಿದ್ದ. ತಡವರಿಸದೆ ‘ನಾ’ ಅಂದಿದ್ದೂ ಮೊದಲ ಸಲವೇ, ಅದು ಭಾವನ ‘ನಾ’ ಆಗಿದ್ದರಿಂದ ಬಾಯಿಗೆ ಸಲೀಸಾಗಿ ಬಂದಿತ್ತು. ತನ್ನದಾಗಿದ್ದರೆ ಬರುತ್ತಿರಲಿಲ್ಲ.

ಅಂಜನಾ ದುಪ್ಪಟ್ಟಾದಿಂದ ಮೂಗು ಒರೆಸಿಕೊಂಡಳು. “ಹತ್ತಿ ವ್ಯಾಪಾರಿ ಸಾಯೋದು ಬ್ಯಾಡ ಬಿಡು” ಎಂದಳು. “ಕಥಿ ಬದಲಿ ಮಾಡ್ತೀನಿ.”

ಊರಿಗೆ ಬಂದ ಮೇಲೆ ಭೀಮಮ್ಮ, “ಏನ್ ಹೇಳಿ ಬಂದ್ರಿ ಅಲ್ಲಿ?” ಎಂದು ಕೇಳಿದಳು. “ಒಂದೀಟು” ಎಂದ ಪರಮಣ್ಣ. ಹೇಳಬೇಕೆಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಅವಳ ಮೋರೆ ನೋಡಿದ ಕೂಡಲೇ ಎಲ್ಲ ಜಾರಿತು. ಪಂಚಮಿಗೆ ಏಳು ದಿನ, ಆರು, ಐದು, ನಾಲ್ಕು. ಅಕ್ಕಪಕ್ಕದ ಮನೆಗಳ ಹೆಣ್ಣುಮಕ್ಕಳು ಒಬ್ಬೊಬ್ಬರೇ ತವರಿಗೆ ಹೊರಟರು. ಭೀಮಮ್ಮ ಅವರಿಗೆಲ್ಲ ಬಾಗಿಲವರೆಗೆ ಹೋಗಿ ಕೈಯೆತ್ತಿ ಬಂದಳು. ಪಂಚಮಿಗೆ ಮೂರು ದಿನ ಉಳಿದ ಮುಂಜಾನೆ ಅವಳು ತನ್ನ ಮನೆಯಲ್ಲೇ ಉಂಡಿ ಕಟ್ಟಲು ಶೇಂಗಾ ಹುರಿಯತೊಡಗಿದಳು. ತವರಿಗೆ ಹೋಗುವ ವರ್ಷ ಅವಳು ಮನೆಯಲ್ಲಿ ಶೇಂಗಾ ಹುರಿದದ್ದಿಲ್ಲ.

ಹತ್ತು ಗಂಟೆಗೆ ಬಾಗಿಲಲ್ಲಿ ಮೋಟಾರ್ ಸೈಕಲ್ಲು ನಿಂತಿತು. ಪರಮಣ್ಣ ಹೊರಗೆ ಬಂದ. ಹಣಮಂತ್ರಾಯ ಗಾಡಿಯ ಮೇಲಿಂದ ಇಳಿದು ಹೊಸ್ತಿಲ ಆಚೆಗೇ ನಿಂತ. ಮೋರೆ ಗಂಟು ಹಾಕಿಯೇ ಇತ್ತು.

“ನಿನ್ನಿ ಅಂಜು ತೋರಿಸಿದ್ಳು” ಎಂದ. ಐದು ತಿಂಗಳ ಮೇಲೆ ಅದೇ ಮೊದಲ ಮಾತು.

ಪರಮಣ್ಣ ತಲೆಯಾಡಿಸಿದ.

“ನನ್ ಹೆಂಡ್ತಿ ಅಂತಾಳ, ನನ್ ದನಿಗಿಂತ ನಿನ್ ದನಿ ನನಗ ಚೊಲೋ ಹೊಂದ್ತದಂತ. ಇನ್ನ ಮ್ಯಾಲ ನೀ ಬಾಯಿ ಮುಚ್ಚು, ಪರಮಣ್ಣ ಮಾತಾಡ್ಲಿ ಅಂತಾಳ.” ಹಣಮಂತ್ರಾಯ ನಗಲಿಲ್ಲ. “ಅದೆಲ್ಲಾ ಖರೆ ಏನು? ಗಿರಣಿತನಾ ಹೋಗಿದ್ದಿ?”

“ಹೋಗಿದ್ದೆ ಭಾವ.”

“ಭೀಮಿಗಿ ಗೊತ್ತದ?”

“ಇಲ್ಲ.”

“ನೋಡಿದ್ಯಾ, ಮತ್ತ ಅದನ್ನ ಮಾಡೀದಿ! ಮೊದಲ ನನ್ನ ಸಾಯಿಸಿ ಊರಿಗಿ ಹೇಳ್ದಿ, ಈಗ ನನ್ನ ಬಾಯಾಗಿಂದ ಪಿಕ್ಚರಿಗಿ ಹೇಳ್ದಿ. ಆಕಿಗಿ ಯಾವಾಗ ಹೇಳಾವ? ಹೋಗು, ಒಳಗ ಹೋಗಿ ನಿನ್ ಬಾಯಿಲೆ ಹೇಳು. ಹೇಳಿದ್ರ ಒಳಗ ಬರ್ತೀನಿ, ಇಲ್ಲಂದ್ರ ಗಾಡಿ ತಿರಿಗಿಸ್ತೀನಿ.”

ಹೊಸ್ತಿಲಿನಿಂದ ಅಡುಗೆಮನೆಗೆ ಹನ್ನೆರಡು ಹೆಜ್ಜೆ. ಸುರಪುರದ ಎಲ್ಲ ಓಣಿಗಳನ್ನು ಸುತ್ತಿದರೂ ಅಷ್ಟು ದೂರವಾಗುವುದಿಲ್ಲ. ಭೀಮಮ್ಮ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು. ಗಾಡಿಯ ಸದ್ದು ಅವಳಿಗೆ ಕೇಳಿಸಿತ್ತು. ಶೇಂಗಾ ತಿರುವುವುದನ್ನು ನಿಲ್ಲಿಸಿದ್ದಳು, ತಿರುಗಿ ಮಾತ್ರ ನೋಡಿರಲಿಲ್ಲ.

ಪರಮಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ. ಕೈಗೆ ಏನಾದರೂ ಬೇಕಿತ್ತು.

“ನಾ… ಅವತ್ತ ನಾ ಗಿರಣಿಗಿ ಬಂದಿದ್ದೆ.”

“ಯಾವತ್ತ?”

“ಅವತ್ತ. ಫೋನ್ ಬಂದ ದಿನಾ. ಮೊದಲ ನಿನಗ ಹೇಳಾಕ ಬಂದಿದ್ದೆ. ನೀ ನಗಾಕತ್ತಿದ್ದಿ.” ಭೋಂಗಾ ಇಲ್ಲದ ಅವನ ದನಿ ಒಲೆಯ ಚಟಪಟಕ್ಕಿಂತ ಸಣ್ಣದಿತ್ತು. “ನನ್ ಕೈಲೆ ಆಗ್ಲಿಲ್ಲ. ತಪ್ಪು ನಂದು.”

ಭೀಮಮ್ಮ ತಿರುಗಿದಳು. ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಯಾರೋ ಹೊಸಬ ಮನೆಗೆ ಬಂದಂತೆ. ಬಾಣಲೆಯಲ್ಲಿ ಶೇಂಗಾ ಕಪ್ಪಾಗುತ್ತಿತ್ತು.

“ಇಷ್ಟ ಹೇಳಾಕ ಯಾದಗಿರಿತನಾ ಹೋಗಿ ಬರ್ಬೇಕಾಯ್ತಾ?” ಎಂದಳು. ಸೆರಗಿನಿಂದ ಕಣ್ಣು ಒತ್ತಿಕೊಂಡಳು, ಹೊಗೆಗೋ ಏನೋ. ಆಮೇಲೆ ಗಂಡನ ಭುಜದ ಮೇಲಿಂದ ಹೊರಗೆ ಕೂಗಿದಳು. ಅವಳ ದನಿಯೇನೂ ಕಡಿಮೆಯದಲ್ಲ. “ಅಣ್ಣಾ, ಬಿಸಲಾಗ ಯಾಕ ನಿಂತಿ? ಇವರು ಹೇಳ್ಯಾರ. ಒಳಗ ಬಾ!”

ಹಣಮಂತ್ರಾಯ ಹೊಸ್ತಿಲು ದಾಟಿ ಬಂದು ಕೂತ. ಚಹಾ ಕುಡಿದ. ಸೀದ ಶೇಂಗಾ ಎರಡು ಬಾಯಿಗೆ ಹಾಕಿಕೊಂಡು, “ಇದರ ಉಂಡಿ ಕಟ್ಟಬ್ಯಾಡ, ಜೀವಂತ ಮಂದೀನೂ ಸಾಯ್ತಾರ” ಎಂದ. ಪರಮಣ್ಣನಿಗೆ ಮೊದಲು ನಗು ಬಂತು, ಆಮೇಲೆ ಹಣಮಂತ್ರಾಯನಿಗೆ.

“ಭೀಮಿ, ಹೊರಡು. ನೀ ಬರಬ್ಯಾಡಪ” ಎಂದು ಭಾವ ಪರಮಣ್ಣನ ಕಡೆ ತಿರುಗಿದ. “ಈಗ ಬಂದ್ರ ನಮ್ಮೂರ ಮುದುಕ್ರು ಎದಿ ಹಿಡ್ಕೊಂತಾರ, ಇವತ್ತ ಯಾರ ಪಾಳಿ ಅಂತ. ಹಬ್ಬ ಆದ ಮೂರನೇ ದಿನ ಬಾ. ಎರಡು ದಿನ ಇದ್ದು, ಕರ್ಕೊಂಡು ಹೋಗು.”

“ಚೀಲ ತುಂಬ್ಬೇಕಲ್ಲ, ತಡಾ ಆಗ್ತದ” ಎಂದು ಪರಮಣ್ಣ ಹೆಂಡತಿಯ ಕಡೆ ನೋಡಿದ.

ಭೀಮಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಚದ ಕೆಳಗೆ ಬಗ್ಗಿದಳು. ಚೀಲ ಎಳೆದಳು. ಅದು ತುಂಬಿಯೇ ಇತ್ತು. ಮಡಚಿದ ಮೂರು ಸೀರೆ, ಅಣ್ಣನಿಗೊಂದು ಹೊಸ ಟವೆಲ್ಲು, ಬಾಯಿಗೆ ಗಂಟು. ಮೇಲೆ ಎಂಟು ದಿನದ ಧೂಳು ಕೂತಿತ್ತು. ಅವಳು ಯಾರ ಮೋರೆಯನ್ನೂ ನೋಡದೆ ಅದನ್ನು ಕೊಡವಿ ಗಂಡನ ಕೈಗೆ ಕೊಟ್ಟಳು. ಪರಮಣ್ಣ ಅದನ್ನು ಗಾಡಿಯವರೆಗೆ ಹೊತ್ತುಕೊಂಡು ಹೋದ.